ಚೌಡಿ ಮರ ಮತ್ತು ಎರಡನೇ ಲೈನು

ಎಂಬತ್ಮೂರರ ಬೇಸಿಗೆ. ಜಯಪುರದಲ್ಲಿ ಶೃಂಗೇರಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಎಸ್ಟೇಟ್ ಕೆಲಸದ ಭೈರಮ್ಮ, ಲೈನ್‌ಮನ್ ಶಫಿಯನ್ನು ಹಿಡಿದು ನಿಲ್ಲಿಸಿಕೊಂಡಿದ್ದಳು.

“ಸಾಯ್ಬ್ರೆ, ಒಂದು ಲೈನ್ ಇರುವಾಗ ಗುಡ್ಡದ ಆಚೆಯಿಂದ ಇನ್ನೊಂದು ಎಂತಕ್ಕೆ ಎಳೀತಿದ್ದೀರಿ?”

“ಒಂದರ ಮೇಲೆ ಮರ ಬಿದ್ರೆ ಇನ್ನೊಂದರಲ್ಲಿ ಕರೆಂಟ್ ಬರ್ತದೆ, ಭೈರಮ್ಮ.”

“ಹಳ್ಳದ ಸಂಕ ತೇಲಿಹೋದ್ರೆ ಮೇಲಿನ ಸಂಕ ದಾಟಿ ಬರ್ತೀವಲ್ಲ, ಹಾಗಾ?”

“ಹಾಗೇ.”

“ಹಂಗಾದ್ರೆ ಈ ಮಳೆಗಾಲ ನಮ್ಮ ಕೇರೀಲಿ ಕರೆಂಟ್ ಹೋಗಲ್ವಾ?”

“ಹೋಗ್ತದೆ. ಎರಡು ಲೈನೂ ಬಂದು ಸೇರೋದು ಇಲ್ಲಿ, ಪೇಟೇಲಿ. ಇಲ್ಲಿಂದ ನಿಮ್ಮ ಕೇರಿಗೆ ಇರೋದು ಒಂದೇ ಲೈನ್. ಅದರ ಮೇಲೇ ನಿಮ್ಮ ಚೌಡಿ ಮರ ವಾಲಿದೆ. ಕೊಂಬೆ ಕಡಿಯೋಕೆ ಬಂದ್ರೆ ನೀವೇ ಅಡ್ಡ ನಿಲ್ತೀರಿ.”

“ಚೌಡಿ ದೇವ್ರು ಕೂತಿರೋ ಮರಕ್ಕೆ ಯಾರಾದ್ರೂ ಕತ್ತಿ ಹಾಕ್ತಾರಾ ಮಾರಾಯ್ರೆ!”

“ಮತ್ತೆ ನಾನೆಂತ ಮಾಡ್ಲಿ?”

ಬಸರೀಕಟ್ಟೆ ಬಸ್ ಬಂತು. ಭೈರಮ್ಮ ಬುಟ್ಟಿ ಎತ್ತಿಕೊಂಡು ಹತ್ತಿದಳು. ಬಾಗಿಲಲ್ಲೇ ನಿಂತು ತಿರುಗಿದಳು.

“ಗುಡ್ಡದ ಮೇಲೆ ಅಷ್ಟೊಂದು ಕಂಬ ನೆಟ್ಟವರು ನೀವು. ಚೌಡಿ ಆ ಮರದಿಂದ ಏಳಲ್ಲ ಸಾಯ್ಬ್ರೆ. ನಮ್ಮ ಕೇರಿಯ ಕಂಬ ಎದ್ದು ಆಚೆ ನಿಲ್ಲಬಹುದಲ್ಲ?”