ಮೇಷ್ಟರ ಸದ್ದು

ಹೆಂಡತಿಯ ಕಿವಿ ತೋರಿಸಲು ಬಂದಿದ್ದ ಮನಶ್ಶಾಸ್ತ್ರದ ಮೇಷ್ಟರು ನನ್ನ ಪಕ್ಕ ಕೂತಿದ್ದರು. ಆಕೆ ಡಾಕ್ಟರ ಕೋಣೆಯಿಂದ ಹೊರಬಂದದ್ದೇ ತಡ, ಎದ್ದು ನಿಂತರು.

“ಏನಂದ್ರು?”

“ಕಿವಿ ಚೆನ್ನಾಗೇ ಇದೆಯಂತೆ.”

“ಮತ್ತೆ ನಾನು ಮಾತಾಡಿದ್ರೆ ಯಾಕೆ ಕೇಳಲ್ಲ?”

“ನೀವೇ ಪಾಠ ಮಾಡ್ತೀರಲ್ಲ, ಒಂದೇ ಸದ್ದು ಬಿಡದೆ ಬರ್ತಿದ್ರೆ ಮಿದುಳು ಅದನ್ನ ಲೆಕ್ಕಕ್ಕೇ ಇಟ್ಕೊಳ್ಳಲ್ಲ ಅಂತ.”

“ಅದು ಫ್ಯಾನಿನ ಸದ್ದಿಗೆ ಹೇಳಿದ್ದು ಕಣೇ!”

“ನಾನೂ ಅದನ್ನೇ ಹೇಳಿದ್ದು.”

ಮೇಷ್ಟರು ಜೋರಾಗಿ ನಕ್ಕರು.

“ಕ್ಲಾಸಲ್ಲೂ ನನ್ನ ಹಣೆಬರಹ ಅಷ್ಟೇ. ಹೊರಗೆ ಕಾಗೆ ಕೂಗಿದ್ರೆ ಎಲ್ಲರೂ ತಿರುಗ್ತಾರೆ, ನಾನು ಕೂಗಿದ್ರೆ ಆಕಳಿಸ್ತಾರೆ. ಇಷ್ಟು ವರ್ಷ ಮೇಷ್ಟ್ರು ಅಂದ್ಕೊಂಡಿದ್ದೆ, ಫ್ಯಾನು ನಾನು.”

“ಫ್ಯಾನು ಗಾಳಿನಾದ್ರೂ ಕೊಡತ್ತೆ.”

ಮೇಷ್ಟರು ತೆಪ್ಪಗಾದರು. ಇಬ್ಬರೂ ಬಾಗಿಲತ್ತ ಹೊರಟರು. ಬಾಗಿಲು ಮುಟ್ಟುವ ಮುನ್ನವೇ ಆಕೆ ಗಕ್ಕನೆ ನಿಂತು ತಿರುಗಿದರು.

“ಏನ್ರೀ, ಯಾಕೆ ಸುಮ್ಮನಾದ್ರಿ? ಹುಷಾರಾಗಿದ್ದೀರಾ?”