ಫ್ಯಾನಿನ ಗವಸು

ಫ್ಯಾನು ನಿಂತೇ ಇರಲಿಲ್ಲ. ಹಾಗಿದ್ದರೆ ಆ ಗಗನಯಾತ್ರಿ ನಿದ್ದೆಯಲ್ಲೇ ಉಸಿರುಗಟ್ಟಿ ಸತ್ತದ್ದು ಹೇಗೆ? ಬಾಹ್ಯಾಕಾಶದಲ್ಲಿ ಬಿಟ್ಟ ಉಸಿರು ತಾನಾಗಿ ಚದುರುವುದಿಲ್ಲ, ಮುಖದ ಸುತ್ತಲೇ ಕಟ್ಟಿಕೊಳ್ಳುತ್ತದೆ. ಅದನ್ನು ಸರಿಸಲೆಂದೇ ಮಲಗುವ ಗೂಡಿಗೆ ಫ್ಯಾನು ಕೂರಿಸಿದ್ದ ಎಂಜಿನಿಯರ್, ವಿಚಾರಣೆಗೆ ಕರೆಯುವುದನ್ನೇ ಕಾಯುತ್ತ ಹೊರಗಿನ ಕೋಣೆಯಲ್ಲಿ ಕೂತಿದ್ದ. ಎದುರಿನ ಬೆಂಚಿನಲ್ಲಿ ಸತ್ತವನ ತಾಯಿ ಮತ್ತು ಹೆಂಡತಿ. ಅವರಿಗೆ ಇವನ ಗುರುತಿರಲಿಲ್ಲ.

“ಸದ್ದಿದ್ರೆ ಅವನಿಗೆ ನಿದ್ದೇನೇ ಹತ್ತಲ್ಲ ಕಣೇ, ಚಿಕ್ಕೋನಿದ್ದಾಗಿಂದ,” ಎಂದಳು ತಾಯಿ.

“ನನಗೆ ಗೊತ್ತಿಲ್ವಾ ಅತ್ತೆ? ಎಂಥಾ ಸೆಕೇಲೂ ಫ್ಯಾನ್ ಆರಿಸಿಬಿಟ್ಟು ರಾಯರು ಗೊರಕೆ ಹೊಡೀತಿದ್ರು. ಬೇಯೋಳು ನಾನು.”

ತಾಯಿ ಸಣ್ಣಗೆ ನಕ್ಕಳು. “ಅಲ್ಲೂ ಅದೇ ಗೋಳಾ?”

“ಹೋಗೋ ಮೊದಲೇ, ತರಬೇತೀಲಿ ಆ ಗೂಡಲ್ಲಿ ಮಲಗಿದಾಗ್ಲೇ ಶುರುವಾಗಿತ್ತು. ಅದಕ್ಕೇ ದಪ್ಪ ಬಟ್ಟೇಲಿ ಫ್ಯಾನಿಗೊಂದು ಗವಸು ಹೊಲಿದು, ಅವರ ಅಂಗಿಗಳ ನಡುವೆ ಇಟ್ಟು ಕಳಿಸಿದ್ದೆ. ಹಾಕಿದ್ಮೇಲೆ ಸದ್ದೇ ಇಲ್ಲ ಕಣೇ ಅಂತ ಅಲ್ಲಿಂದ ಫೋನಲ್ಲಿ ಅಂದ್ರು. ಬೆಳಗ್ಗೆ ಎದ್ರೆ ತಲೆನೋವು ಅಂತಿದ್ರು, ಅಷ್ಟೇ.”

“ಹೋಗ್ಲಿ ಬಿಡಮ್ಮ. ಕೊನೇಗಾದ್ರೂ ಕಣ್ತುಂಬ ಮಲಗಿದ್ನಲ್ಲ, ಅದು ನಿನ್ನ ಪುಣ್ಯ.”

“ಆ ಗವಸೊಂದು ವಾಪಸ್ ಕೊಟ್ರೆ ಸಾಕು ಅತ್ತೆ. ತಲೆ ಕೆಳಗೆ ಇಟ್ಕೊಂಡು ಮಲಗ್ತೀನಿ.”

ಸತ್ತವನ ಸಾಮಾನು ತೆಗೆದುಕೊಳ್ಳಲು ಗುಮಾಸ್ತ ಬಾಗಿಲಿಂದ ಕರೆದ. ಅತ್ತೆ ಸೊಸೆಯ ತೋಳು ಹಿಡಿದು ಎದ್ದಳು. ಇಬ್ಬರೂ ಒಬ್ಬರಿಗೊಬ್ಬರು ಆತುಕೊಂಡು ಒಳಗೆ ಹೋದರು.

ತನ್ನ ಫ್ಯಾನಿನದು ತಪ್ಪಿಲ್ಲವೆಂದು ತಿಳಿದರೂ ಎಂಜಿನಿಯರನ ಎದೆ ಹಗುರಾಗಲಿಲ್ಲ. ಗಂಡನ ಉಸಿರು ಕಟ್ಟಿಸಿದ್ದು ಆ ಗವಸೇ ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.