ಮಾಳಿಗಿ ಮ್ಯಾಲ ನಿಂತಾಕಿ

ಇಲ್ಲ ಹಂಪಕ್ಕ, ನಗಬ್ಯಾಡ. ನಿನ್ನ ತಂಗಿ ಹುಲಗಮ್ಮ ಯಾವತ್ತರ ಸುಳ್ಳ ಹೇಳ್ಯಾಳೇನು? ಆ ಸೊಸಿ ಟಿ.ವಿ. ಕಂಬ ಹಿಡಕೊಂಡ್ರ ಅಷ್ಟ ಚಿತ್ರ ಬರ್ತಿತ್ತು. ಬಿಟ್ರ ಬರೇ ಸುಂಯ್ ಅಂತ ಬಿಳಿ ಚುಕ್ಕಿ. ಕಾರಟಗ್ಯಾಗ ನಮ್ಮ ಓಣಿಯವರನ್ನ ಯಾರನ್ನರ ಕೇಳು.

ಯಾರ ಸೊಸಿ ಅಂದ್ರ... ನಮ್ಮ ಬಾಜೂ ಮನಿಯವರ್ದು. ಹೆಸರು ತಗೊಂಡು ನೀ ಏನ ಮಾಡ್ತಿ.

ಇಡೀ ಓಣಿಗೆ ಅದ ಮೊದಲ್ನೇ ಟಿ.ವಿ. ಮಾಳಿಗಿ ಮ್ಯಾಲ ಆ್ಯಂಟೆನಾ ನಿಲ್ಲಿಸಿದ್ರು. ಎತ್ಲಾಗ ತಿರುಗಿಸಿದ್ರೂ ಚಿತ್ರ ನಿಲ್ಲಲಿಲ್ಲ. ಆಕಿ ಒಣಗಾಕ ಹಾಕಿದ್ದ ಸಂಡಿಗಿ ತರಾಕ ಮ್ಯಾಲ ಹೋದಾಕಿ, ಕಂಬಕ್ಕ ಕೈ ಊರಿದ್ಲು. ಕೆಳಗ ಎಲ್ಲಾರೂ, "ಬಂತು, ಬಂತು, ಹಂಗ ನಿಂದ್ರು" ಅಂತ ಒದರಿದ್ರು. ಅಲ್ಲಿಂದ ಆಕಿ ಕರ್ಮ ಸುರುವಾತು ನೋಡು.

ಗಂಡಸರೂ ಹತ್ತಿ ಹಿಡದು ನೋಡಿದ್ರು. ಆಗಲಿಲ್ಲ. ಮೈದುನ ಅದಾನಲ್ಲ, ತಿರುಪತಿ, ಗಂಗಾವತ್ಯಾಗ ರೇಡಿಯೋ ರಿಪೇರಿ ಕಲತಾಂವ. ಅಂವ ಅಂದಾ, "ಮನಷ್ಯಾರ ಮೈಯಾಗ ನೀರು, ಉಪ್ಪು ಇರ್ತಾವ. ಗಾಳ್ಯಾಗಿನ ತರಂಗ ಅದ್ರಾಗೂ ಹರಿತಾವ. ಮುಟ್ಟಿದ್ರ ಮೈನೂ ಆ್ಯಂಟೆನಾ ಆಗ್ತೈತಿ. ವೈನಿ ಎತ್ತರ, ನಿಂದ್ರೂ ಜಾಗ, ಎಲ್ಲಾ ಕೂಡಿ ಬಂದೈತಿ." ಹೂಂ, ಖರೇನ ಇರಬೇಕು. ಹಂಗಂತ ಜೀವ ಇರಾಕಿನ್ನ ಕಂಬ ಮಾಡೂದೇನು?

ಐತವಾರ ಬಂತಂದ್ರ ಓಣಿ ಮಂದಿ ಎಲ್ಲಾ ಒಳಗ. ಮಂಡಕ್ಕಿ, ಮಿರ್ಚಿ, ಚಾ. ಅತ್ತಿ ಬಾಯಿ ತುಂಬ ಅಗಿಕೋತ ಕೆಳಗಿಂದ, "ಸ್ವಲ್ಪ ಎಡಕ್ಕ ಸರಿ, ಕೈ ಎತ್ತು" ಅನ್ನಾಕಿ. ಬಂದ ಬೀಗರ ಮುಂದ, "ನಮ್ಮ ಸೊಸಿ ಕೈಗುಣ ಛಲೋ ಐತ್ರಿ" ಅಂತ ಬ್ಯಾರೆ. ಥೂ... ಈಗೂ ಮಿರ್ಚಿ ಕರಿಯೂ ವಾಸನಿ ನನಗ ಆಗಿ ಬರೂದಿಲ್ಲ.

ನನಗ್ಯಾಕ ಅಂದ್ರ... ಬಾಜೂ ಮನಿಯಲ್ಲಾ, ವಾಸನಿ ಬರ್ತಿತ್ತು.

ಗಂಡಾ? ಗಂಡ ಎಲ್ಲಾರಕಿಂತ ಮುಂದ, ಕುರ್ಚಿ ಮ್ಯಾಲ. ಹೋದ ಐತವಾರ ಆಕಿಗೆ ಮುಂಜಾನಿಂದ ವಾಂತಿ. ಬಸರ ನಿಂತಿತ್ತು. ಇನ್ನೂ ಯಾರಿಗೂ ಹೇಳಿದ್ದಿಲ್ಲ, ಗಂಡಗ ಒಬ್ಬಗ ಹೇಳಿದ್ಲು. ಆದ್ರೂ ಹತ್ತಿಸಿದ್ರು. ಸಿನಿಮಾ ಅರ್ಧಕ್ಕ ಬಂದಾಗ ಕಣ್ಣಿಗೆ ಕತ್ತಲಿ ಬಂದು ಕುಂತಬಿಟ್ಲು. ಚಿತ್ರ ಹೋತು, ಕೆಳಗ ಗದ್ದಲಾತು. ಗಂಡ ನಿಚ್ಚಣಿಕಿ ಹತ್ತಿ ಬಂದ. ಹಿಡಕೊಂಡು ಕೆಳಗ ಇಳಸ್ತಾನ ಅಂತ ಆಕಿ ಕೈ ಚಾಚಿದ್ಲು. ಅಂವ ಆ ಕೈಗೆ ತಾಮ್ರದ ತಂತಿ ಸುತ್ತಿ, ಇನ್ನೊಂದು ತುದಿ ಕಂಬಕ್ಕ ಬಿಗಿದು, "ಈಗ ಕುಂತ್ರೂ ನಡಿತೈತಿ, ಆರಾಮ ಕುಂದ್ರು" ಅಂದ. ಇಳದು ಹೋದ.

ಅಕ್ಕ, ಹಂಗ್ಯಾಕ ನೋಡ್ತಿ ನನ್ನ.

ಎದ್ದು ಎಲ್ಲಿ ಹೊಂಟಿ... ನನ್ನ ಚೀಲ ಅಲ್ಲೇ ಇರಲಿ. ಸಂಜಿ ಬಸ್ಸಿಗೆ ತಿರುಗಿ ಹೋಗಬೇಕು ನಾ, ಒಳಗ ಯಾಕ ಒಯ್ತಿ?

ಕೈ ಬಿಡು ಅಕ್ಕ... ಬಳಿ ಸರಸಬ್ಯಾಡ. ಬಾವು ಇಳದೈತಿ ಈಗ.

ಇಲ್ಲ. ಯಾರೂ ಮ್ಯಾಲ ಬರಲಿಲ್ಲ. ಸಿನಿಮಾ ಮುಗೀತು, ಮಂದಿ ಚಪ್ಪಲಿ ಹುಡುಕ್ಯಾಡಿ ಮೆಟಗೊಂಡು ಹೋದ್ರು, ಒಳಗ ದೀಪ ಆರಿಸಿದ್ರು.

ನಾನ ಹಲ್ಲಿಲೆ ತಂತಿ ಬಿಚ್ಚಿಕೊಂಡೆ.